ಹಾನಿ: ಇಲ್ಲ

ಇಲಾಖೆಯವರು ದಫ್ತರದಲ್ಲಿ ಗೆರೆ ಎಳೆದುಕೊಟ್ಟಿದ್ದಾರೆ.
ತಾರೀಖು. ಬಂದುಹೋದವರು. ಹಾನಿ.
ಹತ್ತೊಂಬತ್ತು ವರ್ಷದಿಂದ ಮೂರನೆಯ ಮನೆಯಲ್ಲಿ
ಒಂದೇ ಮಾತು ಬರೆಯುತ್ತೇನೆ: ಇಲ್ಲ.
ಕೆಲವು ಸಲ ನಾಳೆಯದನ್ನೂ ಇವತ್ತೇ ಬರೆದಿಡುತ್ತೇನೆ.

ಕುಡತಿನಿ. ಬಳ್ಳಾರಿ ರಸ್ತೆಗೆ ಒತ್ತಿಕೊಂಡ ಬೂದಿದಿಬ್ಬ.
ಸುತ್ತ ತಂತಿಬೇಲಿ, ನೀಲಿ ಫಲಕ,
ಫಲಕದ ಮೇಲೆ ಮೊಳೆಯಲ್ಲಿ ಕೊರೆದ ಯಾವಳದೋ ಹೆಸರು.
ನಾನು, ಗಾದಿಲಿಂಗ, ಇದರ ಕಾವಲು.
ಬೂದಿಯನ್ನು ಯಾರಯ್ಯಾ ಕದಿಯುತ್ತಾರೆ ಎಂದು ನಗುವವರ ಜೊತೆ
ನಾನೂ ನಗುತ್ತೇನೆ.

ನಮ್ಮಜ್ಜಿ ಎರ್ರೆಮ್ಮ ಹೇಳುತ್ತಿದ್ದಳು:
ರಕ್ಕಸರ ಕಾಳಗ ಆಯಿತು ಇಲ್ಲಿ,
ಸತ್ತವರನ್ನು ಒಟ್ಟಿ ಬೆಂಕಿಯಿಟ್ಟರು, ಆರು ತಿಂಗಳು ಉರಿಯಿತು,
ಕರಗಿ ಗಟ್ಟಿಯಾದ ಈ ಗಾಜಿನಂಥ ಹೆಂಟೆ
ರಕ್ಕಸನ ದವಡೆಹಲ್ಲು.
ಹೇಳುವಾಗ ಅವಳ ಬಾಯಲ್ಲಿ ಎಲೆಯಡಿಕೆ, ಕಣ್ಣಲ್ಲಿ ಆ ಉರಿ.

ಆಮೇಲೆ ಒಬ್ಬರು ಸಾಹೇಬರು ಬಂದರು, ಸಣ್ಣ ಕುಂಚ ಹಿಡಿದು.
ಎಂಟು ದಿನ ಬಿಸಿಲಲ್ಲಿ ಕುಕ್ಕರಗಾಲಲ್ಲಿ ಕೂತು
ಎದ್ದು, ಸೊಂಟ ಹಿಡಿದುಕೊಂಡು ಹೇಳಿದರು: ಸಗಣಿ.
ಕಾಳಗ ಅಲ್ಲವಾ ಸಾರ್?
ಅಲ್ಲಪ್ಪ, ದೊಡ್ಡಿ. ದನ ಕೂಡುತ್ತಿದ್ದ ದೊಡ್ಡಿ.
ಸಗಣಿ ಒಟ್ಟುವುದು, ಸುಡುವುದು, ಮತ್ತೆ ಒಟ್ಟುವುದು.
ನಾಲ್ಕು ಸಾವಿರ ವರ್ಷದ ಹಿಂದಿನ ಮಾತು.
ಅಷ್ಟೊತ್ತಿಗೆ ಅಜ್ಜಿ ಇರಲಿಲ್ಲ. ಒಳ್ಳೆಯದೇ ಆಯಿತು.

ಈಗ ನನ್ನ ಬೆನ್ನ ಹಿಂದೆ ಇನ್ನೊಂದು ದೊಡ್ಡಿ.
ಅದರ ಚಿಮಣಿಗಳು ಹಗಲಿರುಳು ಕಲ್ಲಿದ್ದಲು ಮೇಯುತ್ತವೆ.
ಹೊನ್ನೂರಬಿ ಮಾಳಿಗೆಯ ಮೇಲೆ ಒಣಹಾಕಿದ ಸಂಡಿಗೆ
ಎರಡು ತಾಸಿನಲ್ಲಿ ವಿಭೂತಿ ಧರಿಸುತ್ತದೆ.
ಬೂದಿ ತುಂಬಲಿಕ್ಕೇ ಒಂದು ಕೆರೆ ಕಟ್ಟಿದ್ದಾರೆ.
ಒಂದು ಕೊಕ್ಕರೆ ಬಂದು ಇಳಿಯಿತು,
ಒಂದು ಕಾಲು ಎತ್ತಿತು,
ಇನ್ನೊಂದನ್ನು ಎಲ್ಲಿಡಲಿ ಎಂದು ನಿಂತಿತು.

ಹೊನ್ನೂರಬಿಯ ಮಗ ಖಾಸಿಂವಲಿ ಫೌಜು ಬಿಟ್ಟು ಬಂದಿದ್ದಾನೆ,
ಒಂದು ಟ್ರಂಕು, ಒಂದು ಕೇಳದ ಕಿವಿ.
ಸಂಜೆ ದಿಬ್ಬದ ಮೇಲೆ ಕೂರುತ್ತಾನೆ.
ಬಂದುಹೋದವರು: ಒಬ್ಬರು.
ರಸ್ತೆಯಲ್ಲಿ ಅದಿರು ಲಾರಿಯ ಟೈರು ಸಿಡಿದರೆ
ಬೋರಲು ಬಿದ್ದುಬಿಡುತ್ತಾನೆ. ನಾನು ಬೇರೆ ಕಡೆ ನೋಡುತ್ತೇನೆ,
ಬೀಡಿ ಹುಡುಕಿದ ಹಾಗೆ.
ಒಂದು ದಿನ ಹಿಡಿ ಬೂದಿ ಎತ್ತಿಕೊಂಡು ಅಂದ:
ಅಲ್ಲಿ ಇದು ಬೆಚ್ಚಗಿತ್ತು, ಮಾಮಾ.
ಅಷ್ಟೇ. ಕೈ ಕೊಡವಿಕೊಂಡು ಇಳಿದು ಹೋದ.

ನನ್ನ ಪಾಳಿ ಹೊತ್ತು ಮುಳುಗುವ ತನಕ.
ಚಳಿಗಾಲದಲ್ಲಿ ಹೊತ್ತು ಸೊಂಡೂರು ಗುಡ್ಡದ ಹಿಂದೆ ಇಳಿಯುತ್ತಿತ್ತು.
ಆ ಗುಡ್ಡವನ್ನು ಮೆಟ್ಟಿಲು ಮೆಟ್ಟಿಲಾಗಿ ಕಡಿದು
ಲಾರಿಯಲ್ಲಿ ಬಂದರಿಗೆ ಕಳಿಸಿದರು.
ಈಗ ಹೊತ್ತು ಮುಳುಗುವುದು ಸ್ವಲ್ಪ ತಡ.
ಮೂರು ನಿಮಿಷವೋ ನಾಲ್ಕೋ, ಕೂಲಿ ಮಾತ್ರ ಅದೇ.

ಆ ಸಲದ ದೊಡ್ಡ ಮಳೆ ನೆನಪಿದೆಯಲ್ಲ,
ಮಣ್ಣಿನ ಮಾಳಿಗೆಗಳು ಬೆಲ್ಲದ ಹಾಗೆ ಕರಗಿದ್ದು,
ಜನ ಶಾಲೆಯ ಬೆಂಚುಗಳ ಮೇಲೆ ಮಲಗಿದ್ದು.
ಐದನೆಯ ದಿನ ಛತ್ರಿ ಹಿಡಿದು ಬಂದು ನೋಡಿದೆ:
ದಿಬ್ಬದ ಒಂದು ಪಕ್ಕೆ ಕುಸಿದಿತ್ತು.
ಒಳಗೆ, ಬೂದಿಯ ಎರಡು ಪದರದ ನಡುವೆ,
ಒಂದು ಗೊರಸಿನ ಗುರುತು.
ನಾಲ್ಕು ಬೆರಳಗಲ. ಕರುವಿನದು.
ಓಡುತ್ತಿತ್ತು ಅನ್ನಿಸಿತು, ಮುಂದಿನ ಕಡೆ ಆಳ ಹೆಚ್ಚಿತ್ತು.
ಯಾರೋ ಹಿಂದಿನಿಂದ ಹೋಯ್ ಹೋಯ್ ಎಂದಿರಬೇಕು.

ಇದನ್ನು ಯಾವ ಮನೆಯಲ್ಲಿ ಬರೆಯಲಿ?
ಪಕ್ಕೆ ಹೋಗಿದ್ದು ಹಾನಿ.
ಕರು ಬಂದದ್ದು?
ಎರಡನೆಯ ಮನೆಯಲ್ಲಿ ಒಂದು ಗೀಟು ಹಾಕಿದೆ,
ಗುರುತಿನ ಮೇಲೆ ಹಸಿ ಮಣ್ಣು ಮುಚ್ಚಿದೆ.
ಖಾಸಿಂವಲಿಗೆ ಮಾತ್ರ ಗೊತ್ತು. ಕೂರುವಾಗ ಆ ಕಡೆ ಕಾಲು ಚಾಚುವುದಿಲ್ಲ.

ಹೊಸ ಸಾಹೇಬರು ತಿಂಗಳಿಗೊಮ್ಮೆ ಫೋನು ಮಾಡುತ್ತಾರೆ.
ದಫ್ತರ ತೆರೆಯುತ್ತೇನೆ, ಹಾಳೆಯ ಮೇಲೆ ಆಗಲೇ ಬೂದಿ ಕೂತಿರುತ್ತದೆ,
ಅಂಗೈಯಲ್ಲಿ ಒರೆಸುತ್ತೇನೆ, ಅಕ್ಷರ ಕದಡುತ್ತದೆ.
ಏನಾದರೂ ಹಾನಿ?

ಬೇಲಿ ಒಳಗೆ ಇಲ್ಲ ಸಾರ್.